ನಿಯಾಂಜಾ ರಂಗಪ್ಪ

ನಮ್ಮ ಚಿಕ್ಕಮಾವ ರಂಗಪ್ಪನವರು ನೀರಿಗೆ ಬೆನ್ನು ಕೊಟ್ಟು ಕೂತದ್ದನ್ನು ಕಂಡವರಿಲ್ಲ. ಕೆರೆ ಬಾವಿಗಳ ಮಾತು ಹಾಗಿರಲಿ, ಹಿತ್ತಲಲ್ಲಿ ಕೈಕಾಲು ತೊಳೆಯುವಾಗಲೂ ಹಂಡೆಯ ಕಡೆಗೇ ಮುಖ ಮಾಡಿ, ಅದರ ಮೇಲೆ ಒಂದು ಕಣ್ಣಿಟ್ಟೇ ಚೊಂಬಿಗೆ ನೀರು ಮೊಗೆಯುತ್ತಿದ್ದರು. ನಾನು ಮದುವೆಯಾಗಿ ಅಜ್ಜಂಪುರದ ಆ ಮನೆಗೆ ಬಂದ ಹೊಸತರಲ್ಲಿ ಇದನ್ನು ನೋಡಿ ಗಾಬರಿಯಾಗಿ ಅತ್ತೆಯನ್ನು ಮೆಲ್ಲಗೆ ಕೇಳಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದವರು ತಲೆ ಎತ್ತದೆ ಹೇಳಿದರು: "ಹಂಡೇಲಿ ಮೊಸಳೆ ಐತಾ ಅಂತ ನೋಡ್ತಾನೆ. ನೀನು ತಲೆ ಕೆಡಿಸ್ಕಬೇಡ."

ಅತ್ತೆಗೆ ಅವರು ಮೈದುನ. ನನ್ನ ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅತ್ತೆಯದೇ. ರಂಗಪ್ಪನವರು ಹರೆಯದಲ್ಲಿ ಬೀರೂರಿನ ರೈಲ್ವೆ ಶೆಡ್ಡಿನಲ್ಲಿ ಕಬ್ಬಿಣದ ಕೆಲಸ ಕಲಿತು, ಯಾವುದೋ ಹಬ್ಬದಲ್ಲಿ ಅಣ್ಣನ ಮೇಲೆ ಮುನಿಸಿಕೊಂಡು ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದವರು. ಹುಬ್ಬಳ್ಳಿ ಸೇರಿರಬಹುದು, ಸಿಟ್ಟಿಳಿದ ಮೇಲೆ ಬರುತ್ತಾನೆ ಎಂದು ಮನೆಯವರು ಸುಮ್ಮನಿದ್ದರು. ಸಿಟ್ಟು ಇಳಿಯುವಷ್ಟರಲ್ಲಿ ಅವರು ಆಫ್ರಿಕಾ ಖಂಡದ ನಡುವೆ, ಕಿಸುಮು ಎಂಬ ಊರಿನಲ್ಲಿ, ಸಮುದ್ರದಂಥ ಒಂದು ಸಿಹಿನೀರಿನ ಕೆರೆಯ ದಂಡೆಯ ಮೇಲೆ ಹಡಗಿನ ತಗಡಿಗೆ ಮೊಳೆ ಬಡಿಯುತ್ತಿದ್ದರು. ಬೊಂಬಾಯಿಯಲ್ಲಿ ಯಾರೋ ಅಲ್ಲಿನ ರೈಲಿಗೆ ಆಳು ಸೇರಿಸುತ್ತಿದ್ದರಂತೆ, ಇವರೂ ಸೇರಿಕೊಂಡರಂತೆ. "ಬೊಂಬಾಯಿಂದ ಮೊಂಬಾಸಕ್ಕೆ ಹೋದೆ" ಎಂದು ಅವರು ಶುರುಮಾಡಿದರೆ ನಮ್ಮೂರಿನವರು ಅದನ್ನು ಮಕ್ಕಳ ಪದ ಎಂದುಕೊಂಡು ನಗುತ್ತಿದ್ದರು.

ನಾನು ಬರುವ ಕೆಲವು ವರ್ಷ ಮುಂಚೆ ಅವರು ಹಿಂದಿರುಗಿದ್ದರು. ಕೂದಲು ನರೆಯತೊಡಗಿತ್ತು. ಮುಂಗೈ ತುಂಬ ಸುಟ್ಟ ಕಲೆಗಳು. ಆ ಕೆರೆಯನ್ನು ಅಲ್ಲಿನವರು ನಿಯಾಂಜಾ ಎನ್ನುತ್ತಾರೆ, ದೊಡ್ಡ ನೀರು ಎಂದಷ್ಟೇ ಅದರ ಅರ್ಥ ಎಂದು ಅವರು ಎಲ್ಲರಿಗೂ ಹೇಳಿ ಹೇಳಿ ಊರಿನವರು ಅವರನ್ನೇ ನಿಯಾಂಜಾ ರಂಗಪ್ಪ ಎಂದು ಕರೆಯತೊಡಗಿದರು. ನಾಲಿಗೆ ಹೊರಳದವರು ನಂಜಪ್ಪ ಎಂದರು. ಅವರು ಎರಡಕ್ಕೂ ಓ ಎನ್ನುತ್ತಿದ್ದರು.

ಸಂಜೆ ಹೊಲದ ಕೆಲಸ ಮುಗಿಸಿ ಬಂದವರೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕೂತರೆ ರಂಗಪ್ಪ ಮಾವನ ಕೆರೆ ತುಂಬುತ್ತಿತ್ತು. ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ, "ನಮ್ಮ ಅಯ್ಯನಕೆರೆ ಐತಲ್ಲ, ಅದು ಇದರ ಮುಂದೆ ಎತ್ತಿಗೆ ನೀರು ಕುಡಿಸೋ ಬಾನಿ ಕಣ್ರೀ" ಎನ್ನುತ್ತಿದ್ದರು. ಅಯ್ಯನಕೆರೆ ಇರುವ ಕಡೂರಿನ ಕಡೆಯ ನೆಂಟರು ಯಾರಾದರೂ ಅಲ್ಲಿದ್ದರೆ ಮುಖ ಊದಿಸಿಕೊಂಡು ಎದ್ದುಬಿಡುತ್ತಿದ್ದರು. ಅವರು ಏಳಲಿ ಎಂದೇ ಮಾವ ಹಾಗೆ ಹೇಳುತ್ತಿದ್ದರು ಎಂದು ನನ್ನ ಗುಮಾನಿ.

ಹಡಗನ್ನು ಬಿಚ್ಚಿ ಚೂರು ಚೂರು ಮಾಡಿ, ಚೂರಿಗೊಂದು ನಂಬರು ಬರೆದು, ಬಿಳಿ ದೊರೆಗಳ ಸೀಮೆಯಿಂದ ಗಂಟು ಕಟ್ಟಿ ಕಳಿಸುತ್ತಿದ್ದರಂತೆ. ರೈಲಿನಲ್ಲಿ, ಆಳುಗಳ ತಲೆಯ ಮೇಲೆ ಅದೆಲ್ಲ ಬಂದು ಕೆರೆಯ ದಡದಲ್ಲಿ ಬೀಳುವುದಂತೆ. ಅದನ್ನು ಮತ್ತೆ ಹಡಗು ಮಾಡುವುದು ಇವರಂಥವರ ಕೆಲಸ. ಒಂದು ಸಲ ಎಲ್ಲ ಕೂಡಿಸಿದ ಮೇಲೂ ಒಂದು ತಗಡು ಮಿಕ್ಕಿತು, ದೊರೆ ಮುಖ ಕೆಂಪಗೆ ಮಾಡಿಕೊಂಡು ಅದನ್ನು ನೀರಿಗೆ ಎಸೆಯಿರಿ ಎಂದ, ಹಡಗು ಚೆನ್ನಾಗಿಯೇ ತೇಲಿತು ಎಂದು ಮಾವ ಹೇಳುತ್ತಿದ್ದರು. ಅಲ್ಲಿನ ಕೆಲವು ಜನ ದೋಣಿಯ ಹಲಗೆಗಳಿಗೆ ಮೊಳೆ ಹೊಡೆಯದೆ, ನಾವು ಕೌದಿ ಹೊಲಿದ ಹಾಗೆ ನಾರಿನಲ್ಲಿ ಹೊಲಿಯುತ್ತಾರಂತೆ. ಆಳೆತ್ತರದ ಜೊಂಡು ಹೆಣೆದುಕೊಂಡು ನೀರಿನ ಮೇಲೆ ಗುಡ್ಡೆಯಾಗಿ, ಗಾಳಿ ಬೀಸಿದ ಕಡೆಗೆ ಹಕ್ಕಿಗೂಡುಗಳ ಸಮೇತ ಹೊರಟುಬಿಡುತ್ತದಂತೆ. ಬೇಸಿಗೆಯಲ್ಲಿ ಕೆಸರಿನೊಳಗೆ ಹೂತುಕೊಂಡು ಮಲಗಿ, ಮಳೆ ಬಂದಾಗ ಏಳುವ ಮೀನು ಉಂಟಂತೆ. ಅದು ಮನುಷ್ಯರ ಹಾಗೆ ಗಾಳಿಯನ್ನೇ ಉಸಿರಾಡುತ್ತದಂತೆ.

ಇವೆಲ್ಲ ನಿಜ. ಆದರೆ ಅವರ ಕಿಡಿಗೇಡಿತನ ಹೇಗೆಂದರೆ, ಸೇರು ನಿಜಕ್ಕೆ ಒಂದು ಚಿಟಿಕೆ ಸುಳ್ಳು ಬೆರೆಸುತ್ತಿದ್ದರು. ಜನ ಸುಳ್ಳನ್ನು ನುಂಗಿ ನಿಜವನ್ನು ಉಗಿಯುತ್ತಿದ್ದರು. ಆ ಕೆರೆಯ ನೀರಾನೆಗಳು ಹುಣ್ಣಿಮೆಯ ದಿನ ಒಪ್ಪತ್ತು ಇರುತ್ತವೆ ಎಂದು ಒಂದು ಸಂಜೆ ತೇಲಿಬಿಟ್ಟರು. ಬೀದಿಯ ಮುದುಕಿಯರೆಲ್ಲ ಕಣ್ಣು ಒದ್ದೆ ಮಾಡಿಕೊಂಡು, ಎಂಥ ಪುಣ್ಯವಂತ ಪ್ರಾಣಿಯಪ್ಪಾ, ಎಂದು ಕೈಮುಗಿದರು. ಅದೇ ಸಂಜೆ, ಆ ದಂಡೆಯ ಜನ ಬೆಳೆಯುವುದು ರಾಗಿ, ನಮ್ಮ ಹಾಗೆಯೇ ಬೀಸಿ, ತೊಳಸಿ, ಮುದ್ದೆಯಂತೆ ಮುರಿದು ತಿನ್ನುತ್ತಾರೆ ಎಂದರೆ ಒಬ್ಬರೂ ನಂಬಲಿಲ್ಲ. "ರಾಗಿ ನಮ್ದು. ಅದು ಅಲ್ಲಿಗೆ ಯಾಕೆ ಹೋಯ್ತದೆ?" ಎಂದು ಎದುರುಮನೆಯವರು ಜಗಳಕ್ಕೇ ನಿಂತರು. ಮಾವ ಒಳಗೆ ಬಂದು, ನೀರಾನೆಯ ಒಪ್ಪತ್ತು ಇವರಿಗೆ ಬೇಕು, ರಾಗಿ ಬೇಡ ಎಂದು ನನ್ನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಜಗಲಿಯವರು ಮತ್ತೆ ಮತ್ತೆ ಕೇಳಿ ಹೇಳಿಸುತ್ತಿದ್ದ ಕತೆ ನಿದ್ದೆಯ ನೊಣದ್ದು. ಆ ದಂಡೆಯ ಪೊದೆಗಳಲ್ಲಿ ಒಂದು ನೊಣ. ಅದು ಕಚ್ಚಿದವರಿಗೆ ನಿದ್ದೆ ಹತ್ತುತ್ತದೆ. ದೋಣಿ ನಡೆಸುತ್ತಿದ್ದವನು ಹುಟ್ಟು ಹಿಡಿದೇ ಮಲಗಿದ, ತುತ್ತು ಎತ್ತಿದವಳು ತುತ್ತು ಬಾಯಿಗೆ ಹೋಗುವ ಮುಂಚೆ ಮಲಗಿದಳು ಎಂದು ಮಾವ ಅಭಿನಯಿಸಿ ತೋರಿಸುತ್ತಿದ್ದರು. ಯಾರಿಗೆ ಕಚ್ಚಿಸಬೇಕು ಎಂದು ಜಗಲಿಯಲ್ಲಿ ಚರ್ಚೆಯಾಗಿ, ಪ್ರತಿ ಸಲವೂ ತಮ್ಮ ತಮ್ಮ ಹೆಂಡಿರ ಹೆಸರೇ ಬರುತ್ತಿತ್ತು. ಅತ್ತೆ ಒಳಗಿನಿಂದ, "ನಿನ್ನ ಬಾಯಿಗೆ ಕಚ್ಚಬೇಕಿತ್ತು ಅದು" ಎನ್ನುತ್ತಿದ್ದರು. ಮೈದುನನ ಒಂದು ಮಾತನ್ನೂ ಅವರು ನಂಬಿದವರಲ್ಲ. ಮಳೆ ಬರುತ್ತಿದೆ ಎಂದು ಮಾವ ಹೇಳಿದರೂ ಅಂಗಳಕ್ಕೆ ಕೈ ಚಾಚಿ ನೋಡುತ್ತಿದ್ದರು.

ನನ್ನ ತವರು ಅಮೃತಾಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮ ದೊಡ್ಡಪ್ಪ ಪಟೇಲರು. ದೊಡ್ಡ ಹೊಟ್ಟೆ, ಜರಿಪೇಟ, ತಮ್ಮ ಬಗ್ಗೆ ತಮಗೇ ಬಹಳ ಗೌರವ. ತರೀಕೆರೆಯ ಸಂತೆಯಲ್ಲಿ ಮಾವ ಸಿಕ್ಕಿದಾಗಲೆಲ್ಲ, ಹತ್ತು ಜನಕ್ಕೆ ಕೇಳುವಂತೆ, ಬೀಗರೇ ಇವತ್ತು ಎಷ್ಟು ಮೊಸಳೆ ಹಿಡಿದಿರಿ ಎಂದು ಹಂಗಿಸುತ್ತಿದ್ದರು. ಮಾವ ಕೈಮುಗಿದು, ತಮ್ಮ ಅಪ್ಪಣೆ ಆಗಲಿಲ್ಲವಲ್ಲ ಎಂದು ಮುಂದೆ ಹೋಗುತ್ತಿದ್ದರು.

ಒಂದು ಮುಂಗಾರಿನಲ್ಲಿ ಭದ್ರೆ ಉಕ್ಕಿ, ಕಾಲುವೆಗಳೆಲ್ಲ ತುಂಬಿ ಹರಿದಾಗ, ಎಲ್ಲಿಂದಲೋ ಒಂದು ಮೊಸಳೆ ನನ್ನ ತವರೂರ ಕೆರೆಗೆ ಬಂದು ಸೇರಿಕೊಂಡಿತು. ಮೊದಲು ನೀರು ಕುಡಿಯುತ್ತಿದ್ದ ಒಂದು ಕರುವನ್ನು ಎಳೆದೊಯ್ದಿತು. ಮೂರು ದಿನದ ಮೇಲೆ ನಮ್ಮವ್ವ ಕೊಡ ಮುಳುಗಿಸುತ್ತಿದ್ದಾಗ ಕೊಡವನ್ನೇ ಕಚ್ಚಿತು. ಅವ್ವ ಕೊಡ ಬಿಟ್ಟು ಏರಿ ಹತ್ತಿ ಬಂದವಳು ಎರಡು ದಿನ ಮಾತಾಡಲಿಲ್ಲ. ಊರ ಸಿಹಿನೀರಿನ ಬಾವಿ ಆ ಮಳೆಯಲ್ಲೇ ಕುಸಿದಿತ್ತು. ಕೆರೆ ಬಿಟ್ಟರೆ ಕುಡಿಯಲು ನೀರಿಲ್ಲ. ಹೆಂಗಸರು ನೀರಿಗೆ ಹೋಗುವುದಿಲ್ಲವೆಂದರು, ಗಂಡಸರು ಹೋಗಿ ಏರಿಯ ಮೇಲೆ ನಿಂತು ವಾಪಸು ಬಂದರು. ದೊಡ್ಡಪ್ಪ ಅಜ್ಜಂಪುರದ ನಮ್ಮ ಮನೆಗೆ ಆಳು ಕಳಿಸಿದರು. ಮೊಸಳೆಯ ಜೊತೆ ಊಟ ಮಾಡಿದ ಬೀಗರು ಬಂದು ತಮ್ಮ ನೆಂಟನನ್ನು ಕರೆದುಕೊಂಡು ಹೋಗಬೇಕಂತೆ.

ಆಳು ಅದನ್ನು ಹೇಳುವಾಗ ನಾನು ಮಾವನ ಮುಖ ನೋಡುತ್ತಿದ್ದೆ. ನಗಲಿಲ್ಲ. ಅವ್ವ ಹೇಗಿದ್ದಾಳೆ ಎಂದು ಕೇಳಿ, ಗಾಡಿ ಕಟ್ಟಿಸಿದರು. ಅವ್ವನನ್ನು ನೋಡುವ ನೆಪದಲ್ಲಿ ನಾನೂ ಹತ್ತಿದೆ.

ಕೆರೆಯ ಬಳಿ ಊರಿಗೆ ಊರೇ ಸೇರಿತ್ತು. ಮಾವ ಕೋವಿಯನ್ನೋ ಭರ್ಜಿಯನ್ನೋ ಕೇಳುತ್ತಾರೆ ಎಂದು ಜನ ಕಾದಿದ್ದರು. ಅವರು ಕೇಳಿದ್ದು ತೋಳು ದಪ್ಪದ ಜಾಲಿ ಗೂಟ, ಬಿದಿರು ಮತ್ತು ಬಡಗಿಯ ಕೊಡತಿ. ಆ ದೊಡ್ಡ ಕೆರೆಯ ದಂಡೆಯ ಹಳ್ಳಿಗಳಲ್ಲಿ ಹೆಂಗಸರು ನೀರಿಗಿಳಿಯುವ ಕಡೆ, ನೀರಿನೊಳಗೇ ಅರ್ಧ ಸುತ್ತು ಗೂಟ ಬಡಿದು ಬೇಲಿ ಹಾಕುತ್ತಾರಂತೆ. ಮೊಸಳೆ ಆಚೆ, ಕೊಡ ಈಚೆ. ಅದನ್ನು ಕೊಲ್ಲುವ ಗೋಜಿಗೆ ಹೋಗುವುದಿಲ್ಲ. ಒಂದನ್ನು ಕೊಂದರೆ ಇನ್ನೊಂದು ಬರುವಷ್ಟು ಮೊಸಳೆ ಅಲ್ಲಿವೆ.

ಗೂಟ ಬಂದವು. ನೀರಿಗೆ ಇಳಿಯುವವರು ಬರಲಿಲ್ಲ. ಮಾವ ಪಂಚೆ ಎತ್ತಿ ಕಟ್ಟಿ, ಮೊಸಳೆಯ ಗಮನ ಅತ್ತ ಸೆಳೆಯಲು ಆಚೆ ದಡದಲ್ಲಿ ತಮಟೆ ಬಾರಿಸಲು ಹೇಳಿ, ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು.

"ಬೀಗ್ರೇ, ಒಂದು ಕೆಲ್ಸ ನಿಮ್ಮಿಂದ್ಲೇ ಆಗ್ಬೇಕು. ಅಲ್ಲಿ ಗೂಟ ನೆಡೋವಾಗ ಊರಿನ ಯಜಮಾನ ದಡದಲ್ಲಿ ನಿಂತು ಮೊಸಳೆನ ಹೊಗಳ್ತಾನೆ. ಹೊಗಳಿಕೆ ನಿಂತ್ರೆ ಅದಕ್ಕೆ ಸಿಟ್ಟು ಬತ್ತದೆ. ಬೇರೆಯೋರು ಹೊಗಳಿದ್ರೆ ಅದು ಕಿವಿಗೆ ಹಾಕ್ಕಳಲ್ಲ."

ದೊಡ್ಡಪ್ಪ ಸುತ್ತ ನೋಡಿದರು. ಊರಿನ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಅವರನ್ನೇ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಪೇಟ ಸರಿಮಾಡಿಕೊಂಡು, ಕೈಮುಗಿದು ಶುರುಮಾಡಿದರು. ಮೊಸಳಪ್ಪ ನೀನು ದೊಡ್ಡವನು, ನಿನ್ನ ಬೆನ್ನು ಬಂಡೆ, ನಿನ್ನ ಹಲ್ಲು ಗರಗಸ, ನಿನ್ನ ಬಾಲ ಹೀಗೆ, ನಿನ್ನ ಕಣ್ಣು ಹಾಗೆ. ಮಾವ ಸೊಂಟದವರೆಗೆ ನೀರಿನಲ್ಲಿ ನಿಂತು ಮೊದಲ ಗೂಟ ಊರಿದರು. ಅವರನ್ನು ನೋಡಿ ಬಡಗಿ ಇಳಿದ, ಅವನನ್ನು ನೋಡಿ ಇನ್ನಿಬ್ಬರು ಇಳಿದರು. ಗೂಟ ಬಡಿಯುವುದು ಬಹಳ ಹೊತ್ತಿನ ಕೆಲಸ. ದೊಡ್ಡಪ್ಪನ ಬಳಿ ಮೊಸಳೆಯ ಗುಣಗಳು ಬೇಗ ಮುಗಿದುಹೋದವು. ಅವರು ಗಂಟಲು ಸರಿಮಾಡಿಕೊಂಡು, ಇಂಥ ಕೆರೆ ಕಟ್ಟಿಸಿದ ವಂಶ ಯಾವುದು, ಅಮಲ್ದಾರರು ಊರಿಗೆ ಬಂದಾಗ ಯಾರ ಮನೆಯಲ್ಲಿ ಇಳಿಯುತ್ತಾರೆ ಎಂಬ ಕಡೆಗೆ ಜಾರಿದರು. ಮಾವ ನೀರಿನಿಂದಲೇ ಕೂಗಿದರು: "ಬೀಗ್ರೇ, ಅದು ನಿಮ್ದಾಯ್ತು. ಮೊಸಳೆದು ಹೇಳಿ."

ಅಲ್ಲಿಯವರೆಗೆ ಹೆದರಿ ಬಿಳಿಚಿಕೊಂಡಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಮ್ಮವ್ವನೂ ನಕ್ಕಳು.

ಬೇಲಿ ಮುಗಿದ ಮೇಲೆ ಮಾವನೇ ಮೊದಲ ಕೊಡ ತುಂಬಿ ತಂದು ಅವ್ವನ ಮುಂದೆ ಇಟ್ಟರು. ಆಮೇಲೆ ಒಂದು ಆಲದ ಬೇರಿನ ಮೇಲೆ ಕೂತರು. ಅವರಿಗೆ ಮಜ್ಜಿಗೆ ಕೊಡಲು ಹೋದೆ. ನೀರಿನಿಂದ ಕಣ್ಣು ತೆಗೆಯದೆ ನನ್ನ ಕೈಯಿಂದಲೇ ಕುಡಿದರು. ಸ್ವಲ್ಪ ಹೊತ್ತಿನ ಮೇಲೆ, ಮೊಸಳೆಯನ್ನು ಹೊಗಳುವುದು ಅಲ್ಲಿನ ಪದ್ಧತಿ ಹೌದೋ ಅಲ್ಲವೋ ಎಂದು ಕೇಳಿದೆ.

"ಯಾವ ಪದ್ಧತಿ ಕಣವ್ವ? ನಿಮ್ಮ ದೊಡ್ಡಪ್ಪ ಜನ್ಮದಲ್ಲಿ ಇನ್ನೊಬ್ರನ್ನ ಹೊಗಳಿದ್ದು ಯಾರೂ ಕೇಳಿರ್ಲಿಲ್ಲ. ಒಂದ್ಸಲ ಕೇಳಾಣ ಅನ್ನಿಸ್ತು."

ಮೊಸಳೆ ಒಂದು ಮಳೆಗೆ ಬಂದ ಹಾಗೆಯೇ ಇನ್ನೊಂದು ಮಳೆಗೆ ಹೊರಟುಹೋಯಿತು. ಅದು ಹೋಗಿದ್ದು ತಮ್ಮ ಸ್ತುತಿಗೆ ಮೆಚ್ಚಿ ಎಂದು ದೊಡ್ಡಪ್ಪ ಕೊನೆಯವರೆಗೂ ಹೇಳಿಕೊಂಡರು.

ಮೊಸಳೆಯ ಸುದ್ದಿ ಸುತ್ತಲಿನ ಸೀಮೆಗೆಲ್ಲ ಹಬ್ಬಿ, ಮಾವನಿಗೆ ಒಂದು ಹೊಸ ಕಷ್ಟ ತಂದಿತು. ಹಿರೇನಲ್ಲೂರಿನಿಂದ ಒಂದು ಸಂಬಂಧ ಬಂತು. ಹೆಣ್ಣಿನ ಹೆಸರು ನಂಜಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಹೋಗಿ, ತಂದೆಯ ಹೊಲ, ತೆಂಗಿನ ತೋಟ ನೋಡಿಕೊಂಡು ಅಜ್ಜಿಯ ಜೊತೆ ಇದ್ದವಳು. ಅಂಥವರಿಗೆ ಎರಡನೆಯ ಸಲ ಸೀರೆ ಉಡಿಸಿ ಮದುವೆ ಮಾಡುವ ರೂಢಿ ನಮ್ಮವರಲ್ಲಿ ಇತ್ತು. ಈ ಅಲೆಮಾರಿಯನ್ನು ಒಂದು ಗೂಟಕ್ಕೆ ಕಟ್ಟಬೇಕೆಂದು ಅತ್ತೆಗೆ ಹಟ. ಮಾವ ಹೆಸರು ಕೇಳಿ, ನಿಯಾಂಜಾದಿಂದ ಬಂದವನನ್ನು ನಂಜಮ್ಮನಿಗೆ ಕೊಡುತ್ತೀರಾ ಎಂದು ನಕ್ಕರು. ಅತ್ತೆ ನಗಲಿಲ್ಲ. ಮಾವ ಸುಮ್ಮನೆ ಗಾಡಿ ಹತ್ತಿದರು. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಅನುಮಾನ ಬಂತು. ದಾರಿಯಲ್ಲಿ ಅತ್ತೆ ತೂಕಡಿಸುವಾಗ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು, ಇವತ್ತು ಹುಳದ ರೊಟ್ಟಿ ಕತೆ ಹೇಳುತ್ತೇನೆ, ಅವರೇ ಓಡಿಸುತ್ತಾರೆ ನೋಡು, ಎಂದು.

ಹಿರೇನಲ್ಲೂರಿನ ಮನೆಯ ನಡುವಿನಂಕಣದಲ್ಲಿ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ನಂಜಮ್ಮ ನೀರು ಬೆಲ್ಲ ಕೊಟ್ಟು ಬಾಗಿಲ ಮರೆಗೆ ಹೋದಳು. ಪರದೇಶದಲ್ಲಿ ಊಟ ತಿಂಡಿ ಹೇಗಪ್ಪ ಎಂದು ಅಜ್ಜಿ ಕೇಳಿದ್ದೇ ತಡ, ಮಾವ ನೆಟ್ಟಗೆ ಕೂತರು. ಆ ಕೆರೆಯ ಮೇಲೆ ಕೆಲವು ದಿನ ಕಾಳ್ಗಿಚ್ಚಿನ ಹೊಗೆಯ ಹಾಗೆ ಮುಗಿಲೆತ್ತರಕ್ಕೆ ಏಳುವುದು ಹೊಗೆಯಲ್ಲ, ಸಣ್ಣ ಹುಳುಗಳು. ಗಾಳಿ ತಿರುಗಿದರೆ ಅವು ದಡಕ್ಕೆ ಬಂದು ಕಣ್ಣು, ಮೂಗು, ಬಾಯಿ ತುಂಬುತ್ತವೆ. ಜನ ಬುಟ್ಟಿಯಲ್ಲಿ ಹಿಡಿದು, ಅದುಮಿ, ರೊಟ್ಟಿ ತಟ್ಟಿ ಒಣಗಿಸಿ ತಿನ್ನುತ್ತಾರೆ. ನಾನೂ ತಿಂದಿದ್ದೇನೆ, ಈಗಲೂ ಆಸೆಯಾಗುತ್ತದೆ ಎಂದು ನಾಲಿಗೆ ಚಪ್ಪರಿಸಿದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಅಜ್ಜಿಯ ಮುಖ ಅರಳಿತು. "ನಮ್ಮ ಈಸಲು ಹುಳಾನೇ ಇರ್ಬೇಕು ಅನ್ನು. ಮೊದಲ ಮಳೆಗೆ ಹುತ್ತದಿಂದ ಏಳ್ತಾವಲ್ಲ, ಹುರಿದು ಪುರಿ ಜೊತೆ ತಿಂದ್ರೆ ಏನು ರುಚಿ ಅಂತೀಯ. ಈಗಿನೋರು ಮಾಡಾದೇ ಬಿಟ್ಟವ್ರೆ. ಉಪ್ಪು ಹಾಕ್ತಾರಾ ಅವ್ರು?"

ಮಾವ ಅಷ್ಟು ತಬ್ಬಿಬ್ಬಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೊಸಳೆಯ ಕತೆ ತೆಗೆದರು, ಅಜ್ಜಿಗೆ ಇನ್ನೂ ಬೇಕು. ನೀರಾನೆ ತೆಗೆದರು, ಅಜ್ಜಿ ಹತ್ತಿರ ಸರಿದು ಕೂತರು. ಬೇರೇನೂ ತೋಚದೆ ಕೊನೆಗೆ ನಿದ್ದೆಯ ನೊಣಕ್ಕೆ ಕೈಹಾಕಿದರು. ಹುಟ್ಟು ಹಿಡಿದವನು ಮಲಗಿದ, ತುತ್ತು ಎತ್ತಿದವಳು ಮಲಗಿದಳು. ಅಜ್ಜಿ ನಕ್ಕೂ ನಕ್ಕೂ ಕೆಮ್ಮತೊಡಗಿದರು. ಆಗ ಬಾಗಿಲ ಮರೆಯಿಂದ ನಂಜಮ್ಮ ಕೇಳಿದಳು:

"ಮಲಗಿದೋರು ಆಮೇಲೆ ಎದ್ರಾ?"

ಅಷ್ಟು ವರ್ಷ, ಅಷ್ಟು ಸಂಜೆ, ನಮ್ಮ ಜಗಲಿಯಲ್ಲಿ ಒಬ್ಬರೂ ಈ ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ತುತ್ತು ಎತ್ತಿದ ಹಾಗೆ ಹಿಡಿದಿದ್ದ ಕೈಯನ್ನು ಮಾವ ಮೆಲ್ಲಗೆ ಮಡಿಲಿಗೆ ಇಳಿಸಿದರು.

"ಇಲ್ಲ ಕಣಮ್ಮ. ಯಾರೂ ಏಳ್ಲಿಲ್ಲ."

"ನಿಮ್ಮೋರು ಯಾರಾದ್ರೂ ಇದ್ರಾ ಅವ್ರಲ್ಲಿ?"

"ನನ್ನ ಹೆಂಡ್ತಿ ಇದ್ಲು."

ಅಜ್ಜಿಯ ಕೆಮ್ಮು ನಿಂತಿತು. ಮಾವ ಯಾರ ಕಡೆಯೂ ನೋಡದೆ ಹೇಳಿದರು. ಅವಳ ಹೆಸರು ಅಕಿನಿ. ಬೆಳಕು ಹರಿಯುವ ಹೊತ್ತಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಅಲ್ಲಿ ಇಡುವ ಹೆಸರು. ಮೀನು ಹೊಗೆಯಲ್ಲಿ ಒಣಗಿಸಿ ಹಡಗು ಕಟ್ಟುವವರ ಬಿಡಾರಕ್ಕೆ ತಂದು ಮಾರುತ್ತಿದ್ದಳು. ಒಂದು ದಿನ ಅವಳ ಹಟ್ಟಿಯ ಮುಂದೆ ಹಾದುಹೋಗುವಾಗ ರಾಗಿ ಬೇಯುವ ವಾಸನೆ ಬಂದು ಮಾವನ ಕಾಲು ಅಲ್ಲೇ ನಿಂತಿತಂತೆ. ಮನೆ ಬಿಟ್ಟ ಮೇಲೆ ಆ ವಾಸನೆ ಮೂಗಿಗೆ ಬಿದ್ದದ್ದು ಅದೇ ಮೊದಲು. ಮದುವೆಗೆ ಅವಳ ತಂದೆ ತೆರ ಕೇಳಿದ, ದನ ಕೊಡಬೇಕು ಎಂದ. ಮಾವನ ಬಳಿ ದನ ಎಲ್ಲಿಂದ ಬರಬೇಕು? ಹಡಗಿನ ಕಬ್ಬಿಣದ ಚೂರುಗಳನ್ನು ಕಾಯಿಸಿ, ಬಡಿದು, ಆ ಹಟ್ಟಿಗೆಲ್ಲ ಗುದ್ದಲಿ ಮಾಡಿಕೊಟ್ಟರು. ಮುದುಕ ಒಪ್ಪಿದ. ಅವಳಿಗೆ ನಗು ಜಾಸ್ತಿ. ಅವರ ಕುಲದ ಪದ್ಧತಿಯಂತೆ ಕೆಳಗಿನ ಮುಂದಿನ ಹಲ್ಲು ಕೀಳಿಸಿಕೊಂಡಿದ್ದಳು, ನಕ್ಕರೆ ಎಳೆಮಗು ನಕ್ಕ ಹಾಗೆ. ಕೊನೆಯ ವರ್ಷ ಹಗಲಲ್ಲೂ ಕಣ್ಣು ಎಳೆಯತೊಡಗಿತು. ಸೋಮಾರಿಯಾದೆ ಎಂದು ಇವರು ರೇಗಿಸಿದರು. ಅವಳೂ ನಕ್ಕಳು. ಒಂದು ದಿನ ತುತ್ತು ಎತ್ತಿದವಳು ಹಾಗೆಯೇ ಒರಗಿದಳು. ಅಲ್ಲಿಂದ ಮುಂದೆ ಎದ್ದದ್ದು ಕಡಿಮೆ. ಅವಳನ್ನು ಅವಳ ಮನೆಯ ಮಗ್ಗುಲಲ್ಲೇ ಮಣ್ಣುಮಾಡಿದರು. ಆಮೇಲೆ ಸರ್ಕಾರದವರು ಬಂದು, ಈ ದಂಡೆಯಲ್ಲಿ ಯಾರೂ ಇರಕೂಡದು ಎಂದು ಬದುಕಿ ಉಳಿದವರನ್ನೆಲ್ಲ ದೂರಕ್ಕೆ ಸಾಗಿಸಿದರು. ಹಟ್ಟಿಯ ಮೇಲೆ ಹುಲ್ಲು ಬೆಳೆಯಿತು. ಮಾವ ಹಡಗಿನ ಮೇಲಿಂದ ಆ ಜಾಗವನ್ನು ಕೆಲವು ಸಲ ನೋಡಿದರು. ಗುರುತು ಸಿಕ್ಕದಂತಾದ ಮೇಲೆ ಊರಿಗೆ ಹೊರಟುಬಂದರು.

ಒಳಗೆ ಬಳೆಯ ಸದ್ದಾಯಿತು. ನಂಜಮ್ಮ ಇನ್ನೊಂದು ಚೊಂಬು ನೀರು ತಂದು ಅವರ ಮುಂದಿಟ್ಟು, ಈ ಸಲ ಮರೆಗೆ ಹೋಗದೆ ಅಜ್ಜಿಯ ಪಕ್ಕದಲ್ಲೇ ಕೂತಳು.

ಹಿಂದಿರುಗುವಾಗ ಗಾಡಿ ಬೀರೂರು ದಾಟಿದ ಮೇಲೆ ಅತ್ತೆ, "ಮೊದಲೇ ಹೇಳಬಾರ್ದಿತ್ತೇನೋ ರಂಗ?" ಎಂದರು. ಮಾವ ಎತ್ತುಗಳ ಕಡೆ ನೋಡುತ್ತಲೇ, "ಹೇಳಿದ್ರೆ ನಂಬ್ತಿದ್ರಾ ಅತ್ತಿಗೆ?" ಎಂದರು. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಅಜ್ಜಂಪುರ ಬರುವವರೆಗೂ ಆಚೆ ನೋಡುತ್ತ ಕೂತರು.

ಸಂಬಂಧ ಮುರಿಯಿತು ಎಂದುಕೊಂಡಿದ್ದೆವು. ಅಲ್ಲಿಂದ ಒಪ್ಪಿಗೆ ಬಂತು. ನಂಜಮ್ಮ ಹೇಳಿಕಳಿಸಿದ್ದು ಇಷ್ಟು: ಆ ಯಮ್ಮನ ಸುದ್ದಿ ಮುಚ್ಚಿಡಬಾರದು, ಮತ್ತು ಹುಳದ ರೊಟ್ಟಿ ಮಾಡು ಎಂದು ತನ್ನನ್ನು ಯಾವತ್ತೂ ಕೇಳಬಾರದು. ಮಾವ ಎರಡನೆಯದಕ್ಕೆ ಸ್ವಲ್ಪ ಚೌಕಾಸಿ ಮಾಡಿ ಒಪ್ಪಿದರು.

ಮದುವೆಯಾದ ಮೇಲೆ ಅವರು ಹಿರೇನಲ್ಲೂರಿಗೇ ಹೋಗಿ ನಿಂತರು. ನಮ್ಮ ಜಗಲಿ ಬಿಕೋ ಎಂದಿತು. ಬೇಸಾಯ ಅವರಿಗೆ ಒಗ್ಗಲಿಲ್ಲ, ಹೊಲದ ಕೆಲಸವೆಲ್ಲ ನಂಜಮ್ಮನದೇ. ಅವರು ಮನೆಯ ಮುಂದೆ ಒಂದು ತಿದಿ ಹಾಕಿಕೊಂಡು ಊರಿನ ಕುಡುಗೋಲು ಗುದ್ದಲಿ ರಿಪೇರಿ ಮಾಡುತ್ತ, ಕೆಲಸಕ್ಕಿಂತ ಜಾಸ್ತಿ ಮಾತು ಬಡಿಯುತ್ತ ಇದ್ದರು. ನಂಜಮ್ಮ ಬೆಳಗಿನಿಂದ ಸಂಜೆಯವರೆಗೆ ಅಕಿನಿಯ ವಿಷಯ ಕೇಳುತ್ತಿದ್ದಳಂತೆ. ಅವಳು ತಲೆ ಹೇಗೆ ಕಟ್ಟುತ್ತಿದ್ದಳು, ಜಗಳಕ್ಕೆ ನಿಂತರೆ ಏನೆಂದು ಬೈಯುತ್ತಿದ್ದಳು, ಮೀನಿಗೆ ಎಂಥ ಸೌದೆಯ ಹೊಗೆ ಕೊಡುತ್ತಿದ್ದಳು. ಕೇಳಿ ಕೇಳಿ ಆ ಭಾಷೆಯ ಬೈಗುಳ ಕಲಿತು, ಎತ್ತುಗಳ ಮೇಲೆ ಪ್ರಯೋಗಿಸುತ್ತಿದ್ದಳು. ಎತ್ತುಗಳು ಕನ್ನಡಕ್ಕಿಂತ ಅದಕ್ಕೇ ಚೆನ್ನಾಗಿ ನಡೆಯುತ್ತವೆ ಎಂದು ಮಾವ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಇದನ್ನೂ ಯಾರೂ ನಂಬಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ನಡೆಯುತ್ತಿದ್ದವು.

ವರ್ಷಗಳ ಮೇಲೆ ಅವರ ಗಂಟಲಲ್ಲಿ ಏನೋ ಬೆಳೆದು ಸ್ವರ ಬಿದ್ದುಹೋಯಿತು ಎಂದು ಸುದ್ದಿ ಬಂತು. ನಾನು ನೋಡಲು ಹೋದೆ. ಮೈ ಇಳಿದು ಹೋಗಿತ್ತು. ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಸಂಜೆಯಾಗುತ್ತಲೂ ಅಲ್ಲಿಯೂ ಜನ ಬಂದು ಕೂತರು. ಹೇಳುವ ಬಾಯಿ ಮಾತ್ರ ನಂಜಮ್ಮನದು. ಕಡೂರಿನಾಚೆ ಕಂಡವಳಲ್ಲ ಅವಳು. ಆ ಕೆರೆಯ ನೀರಿನಲ್ಲಿ ದಿನಾ ಕೊಡ ತೊಳೆದವಳ ಹಾಗೆ ಹೇಳುತ್ತಿದ್ದಳು. ಅವಳ ಕತೆಯಲ್ಲಿ ಆ ಕೆರೆ ಹತ್ತು ಅಯ್ಯನಕೆರೆಯಷ್ಟಿತ್ತು, ನೀರಾನೆ ಹಟ್ಟಿಯ ಬಾಗಿಲಿಗೆ ಬಂದು, ಅಕಿನಿ ಗದರಿದ ಮೇಲೆ ತಲೆ ತಗ್ಗಿಸಿ ವಾಪಸು ಹೋಯಿತು. ಮಾವ ಅಲ್ಲ ಎಂಬಂತೆ ಬೆರಳು ಎತ್ತಿದರು. "ನೀವು ಸುಮ್ನಿರಿ, ನಿಮ್ಗೆ ಮರ್ತೋಗೈತೆ" ಎಂದಳು. ಎಲ್ಲರೂ ನಕ್ಕರು. ಮಾವನ ಭುಜ ಕುಲುಕಿದ್ದು ನೋಡಿ ಅವರೂ ನಗುತ್ತಿದ್ದಾರೆ ಎಂದು ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಹೊರಡುವಾಗ ಕಾಲು ಮುಟ್ಟಿ ನಮಸ್ಕರಿಸಿದೆ. ಹತ್ತಿರ ಬಾ ಎಂದು ಸನ್ನೆ ಮಾಡಿ, ನನ್ನ ಕಿವಿಯಲ್ಲಿ ಗಾಳಿಯಂಥ ಸ್ವರದಲ್ಲಿ ಹೇಳಿದರು: "ಗೌರವ್ವ, ಅವಳು ಹೇಳಾದು ನಂಬಬೇಡ. ಆ ಕೆರೆ ಅಷ್ಟು ಚಿಕ್ಕದಲ್ಲ."

ನಾನು ಅವರನ್ನು ಕಂಡದ್ದು ಅದೇ ಕಡೆ. ಶ್ರಾವಣ ಮುಗಿಯುವ ಮೊದಲೇ ಹೋದರು.

ಆ ವರ್ಷದ ಹಿರಿಯರ ಹಬ್ಬಕ್ಕೆ ನಂಜಮ್ಮ ನಮ್ಮನ್ನು ಕರೆದಳು. ಅತ್ತೆಗೆ ಆಗಲೇ ಕಣ್ಣು ಮಂಜಾಗಿತ್ತು, ಆದರೂ ಮೈದುನನ ಮೊದಲ ಎಡೆ ಎಂದು ಹೊರಟು ಬಂದರು. ನಡುವಿನಂಕಣದಲ್ಲಿ ಮಣೆಯ ಮೇಲೆ ಮಾವನ ಪಂಚೆ, ಟವೆಲು ಇಟ್ಟು, ಮುಂದೆ ಎಲೆ ಹಾಕಿ ಬಡಿಸಿದ್ದಳು. ಅದರ ಪಕ್ಕದಲ್ಲಿ ಇನ್ನೊಂದು ಮಣೆ, ಇನ್ನೊಂದು ಎಲೆ. ಅತ್ತೆ ಕಣ್ಣು ಕಿರಿದು ಮಾಡಿ, ಅದು ಯಾರಿಗೆ ಎಂದು ಕೇಳಿದರು. ಅಕ್ಕಂಗೆ ಎಂದಳು ನಂಜಮ್ಮ, ಮತ್ತೇನೂ ವಿವರಿಸದೆ.

ಅತ್ತೆ ತಮ್ಮ ಗಂಟು ತರಿಸಿ ಬಿಚ್ಚಿ, ನಂಜಮ್ಮನಿಗೆಂದು ತಂದಿದ್ದ ಹೊಸ ಸೀರೆಯನ್ನು ತಡಕಿ ತೆಗೆದು ಆ ಎರಡನೆಯ ಮಣೆಯ ಮೇಲೆ ಇಟ್ಟರು. "ಗಂಡನಿಗೆ ಬಟ್ಟೆ ಇಟ್ಟು ಹೆಂಡ್ತೀಗೆ ಬರೀ ಎಲೆ ಹಾಕ್ತೀಯಲ್ಲೇ" ಎಂದು ಬೈದರು. ನಂಜಮ್ಮ ಕಣ್ಣು ಒರೆಸಿಕೊಂಡು ಧೂಪ ಹಾಕಿದಳು. ಎಲ್ಲರೂ ಹೊರಗೆ ಬಂದು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡೆವು.

ಜಗಲಿಯಲ್ಲಿ ಕೂತ ಮೇಲೆ ಅತ್ತೆ ಯೋಚನೆಗೆ ಬಿದ್ದರು. ಅಷ್ಟು ದೂರದವಳು, ನಮ್ಮ ಮಾತು ಬಾರದವಳು, ಕರೆದರೆ ಅವಳಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಅವರೇ ಕರೆದುಕೊಂಡು ಬರುತ್ತಾರೆ, ದಾರಿ ಗೊತ್ತಲ್ಲ, ಎಂದಳು ನಂಜಮ್ಮ.

ಅತ್ತೆ ತಲೆಯಾಡಿಸಿದರು. ಆದರೆ ಅವರ ಮುಖ ಮತ್ತೆ ಗಂಭೀರವಾಯಿತು. ಮುಚ್ಚಿದ ಬಾಗಿಲನ್ನು ನೋಡುತ್ತ ಹೇಳಿದರು:

"ದಾರಿ ಉದ್ದಕ್ಕೂ ನಮ್ಮ ವಿಷಯ ಅವಳಿಗೆ ಏನೇನು ಹೇಳ್ಕಂಡು ಬತ್ತಾನೋ."